ಬೀಗರ ಡಿಸ್ಕು

ನಮ್ಮವರಿಗೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಹೆಸರಿನಿಂದ. ಮೊಮ್ಮಗಳು ಚಿಕ್ಕವಳಿದ್ದಾಗ ಅವಳ ಅಮ್ಮನ ಅಪ್ಪನನ್ನು, ಅಂದರೆ ನಮ್ಮ ಬೀಗರನ್ನು, ‘ಬಸ್ ತಾತ’ ಎಂದು ಕರೆದಳು. ಊರಿನ ಆ ತುದಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ಅದಕ್ಕೆ. ದಿನವೂ ಎತ್ತಿಕೊಂಡು ತಿರುಗುತ್ತಿದ್ದ ಇವರು ಬರೀ ‘ತಾತ’. "ಅವರಿಗಾದ್ರೆ ಹೆಸರಿಟ್ಟಿದ್ದಾಳೆ, ನಾನೇನು ಗೋಡೇನಾ?" ಎಂದು ಆಗಲೇ ಗೊಣಗಿದ್ದರು. ಮಗು ಬೆಳೆದು ಕಾಲೇಜು ಸೇರಿದರೂ ಆ ಗೊಣಗಾಟ ಮುಗಿದಿರಲಿಲ್ಲ.

ನಾನೇನೂ ಸಾಚಾ ಅಲ್ಲ. ಹುಡುಗಿ ಕಟ್ಟಡ ವಿನ್ಯಾಸ ಓದುತ್ತಿದ್ದಾಳೆ. ಭಾನುವಾರ ಬಂದರೆ ಸಾಕು, ವಾರವಿಡೀ ಮಾಡಿದ ನಕ್ಷೆಗಳನ್ನೆಲ್ಲ ಕಟ್ಟಿಕೊಂಡು ಬೀಗರ ಮನೆಗೆ ಓಡುತ್ತಾಳೆ. ಅವರ ಕಂಪ್ಯೂಟರಿಗೆ ಹಾಕಿ, ಅಲ್ಲಿನ ದೊಡ್ಡ ಪರದೆಯಲ್ಲಿ ಒಂದೊಂದನ್ನೇ ತೋರಿಸಿ, ಸಂಜೆ ನಗುನಗುತ್ತ ಬರುತ್ತಾಳೆ. ಬೀಗರ ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಯಿತು, ಪಾಪ, ಒಬ್ಬರೇ ಇದ್ದಾರೆ, ಹೋಗಿಬರಲಿ ಎಂದು ಬಾಯಲ್ಲಿ ಅನ್ನುತ್ತೇನೆ. ಒಳಗೆ ಉರಿಯುತ್ತದೆ. ವಾರವೆಲ್ಲ ಬಡಿಸುವವಳು ನಾನು, ಅವಳ ಸಿಡುಕು ಸಹಿಸುವವಳೂ ನಾನು, ನಗು ಮಾತ್ರ ಅಲ್ಲಿಗೆ.

ಈ ವರ್ಷ ಅವಳಿಗೆ ಕೊನೆಯ ವರ್ಷ. ನಕ್ಷೆಗಳು ಹೆಚ್ಚಿ ನಮ್ಮ ಮನೆಯಲ್ಲಿರುವ ಅವಳ ಕಂಪ್ಯೂಟರ್ ತುಂಬಿಹೋಯಿತು. ತೆರೆದರೆ ಸಾಕು, ಕೆಂಪು ಪಟ್ಟಿ, ಜಾಗ ಇಲ್ಲ ಎಂಬ ರಗಳೆ.

"ತಾತ, ಏನಾದ್ರೂ ಮಾಡು," ಎಂದಳು.

ಅಷ್ಟು ಸಾಕಿತ್ತು ಇವರಿಗೆ. ರೇಡಿಯೋ ರಿಪೇರಿ ಅಂಗಡಿ ನಡೆಸಿದವರು. ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರ್ ಬಿಚ್ಚಿ ಬಿಚ್ಚಿಯೇ ಕಲಿತವರು. ಹಾಳಾದ ಕಂಪ್ಯೂಟರುಗಳಿಂದ ಕಿತ್ತಿಟ್ಟ ಎರಡು ಡಿಸ್ಕುಗಳು ಬೀರುವಿನಲ್ಲಿ ನನ್ನ ಹಳೆಯ ಶಾಲು ಹೊದ್ದು ಮಲಗಿದ್ದವು. ಅವನ್ನು ತೆಗೆದು ಧೂಳು ಒರೆಸುತ್ತಿದ್ದಾಗಲೇ ಬೀಗರು ಬಾಗಿಲಲ್ಲಿ ಹಾಜರು, ಕೈಯಲ್ಲಿ ಹೊಚ್ಚ ಹೊಸ ಡಿಸ್ಕು, ಪೆಟ್ಟಿಗೆ ಸಮೇತ. ಸೊಸೆ ಫೋನಿನಲ್ಲಿ ಎಲ್ಲ ಒದರಿಬಿಟ್ಟಿದ್ದಳು.

ಬೀಗರು ದೊಡ್ಡ ಕಚೇರಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತರಾದವರು. ಕುರ್ಚಿಯಲ್ಲಿ ಕೂತಲ್ಲೇ ಅಪ್ಪಣೆಯಾಯಿತು. "ಈಗಿರೋ ಡಿಸ್ಕನ್ನ ಎರಡು ಪಾಲು ಮಾಡಿ, ಬೀಗರೇ. ಒಂದರಲ್ಲಿ ವಿಂಡೋಸ್ ಇರ್ಲಿ, ಇನ್ನೊಂದರಲ್ಲಿ ಅವಳ ಪಾಠದ್ದು. ನನ್ನದು ಬೇರೆ ಇರ್ಲಿ, ನಕ್ಷೆಗೆ. ನಿಮ್ಮ ಹಳೇದು ಸಿನಿಮಾ ಗಿನಿಮಾ ಹಾಕ್ಕೊಳ್ಳೋಕೆ ಆಗುತ್ತೆ."

‘ಸಿನಿಮಾ ಗಿನಿಮಾ’ ಕೇಳಿ ನಮ್ಮವರ ಕಿವಿ ಕೆಂಪಾಯಿತು. ಆದರೆ ಬೀಗರ ಎದುರು ದನಿ ಏರಿಸುವಂತಿಲ್ಲವಲ್ಲ. ಹಲ್ಲು ಕಚ್ಚಿಕೊಂಡು ಮೂರು ಡಿಸ್ಕನ್ನೂ ಕೂರಿಸಿದರು, ತಂತಿ ಚುಚ್ಚಿದರು, ಅವರು ಹೇಳಿದಂತೆಯೇ ಪಾಲು ಮಾಡಿದರು. ಬೀಗರು ಬೀದಿ ತಿರುವು ದಾಟುವುದನ್ನೇ ಕಾದು, "ನಮ್ಮನೆ ಕಂಪ್ಯೂಟರಿಗೆ ಅವರು ಬಂದು ಗೋಡೆ ಕಟ್ಟೋದಾ?" ಎಂದು ನನ್ನ ಮೇಲೆ ಹಾರಾಡಿದರು. ನಾನೇ ಕಟ್ಟಿದ ಹಾಗೆ!

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಪರದೆಯಲ್ಲಿ ಪ್ರತಿ ಡಿಸ್ಕಿನ ಕೆಳಗೆ ಒಂದು ಪಟ್ಟಿ ಇರುತ್ತದೆ. ಡಿಸ್ಕು ತುಂಬಿದಷ್ಟೂ ಅದು ನೀಲಿಯಾಗುತ್ತ ಹೋಗುತ್ತದೆ. ಹುಡುಗಿ ಕಾಲೇಜಿಗೆ ಹೋದ ಮೇಲೆ ಇವರು ಅದನ್ನು ತೆರೆದು ನೋಡುವುದನ್ನೇ ಕೆಲಸ ಮಾಡಿಕೊಂಡರು. ಬೀಗರದ್ದು ದಿನದಿನಕ್ಕೂ ನೀಲಿಯೇರುತ್ತಿತ್ತು. ಇವರ ಎರಡೂ ಖಾಲಿ.

"ಒಂದು ನಕ್ಷೇನಾದ್ರೂ ಹಾಕಬಾರದೇನೇ? ಒಂದೇ ಒಂದು?" ಎಂದು ನನ್ನ ಹತ್ತಿರ ಬಂದು ನಿಂತರು.

"ನನ್ನನ್ಯಾಕೆ ಕೇಳ್ತೀರಿ? ಅವಳನ್ನ ಕೇಳಿ."

ಕೇಳಿಯೇಬಿಟ್ಟರು. ಹುಡುಗಿ ಪರದೆಯಿಂದ ಕಣ್ಣು ಕೀಳದೆ, "ಬಸ್ ತಾತನ ಡಿಸ್ಕು ಎಷ್ಟು ಫಾಸ್ಟ್ ಗೊತ್ತಾ, ತಾತ?" ಎಂದಳು. ಅವತ್ತು ಇವರಿಗೆ ಊಟ ಸೇರಲಿಲ್ಲ. ಆ ಮಾತು ನನಗೂ ಚುಚ್ಚಿತು. ಮೊಮ್ಮಗಳ ಕಂಪ್ಯೂಟರ್ ಇರುವುದು ನಮ್ಮ ಕೋಣೆಯ ಪಕ್ಕದಲ್ಲಿ, ಅದರೊಳಗೆ ಮಾತ್ರ ಬೀಗರದೇ ಸಂಸಾರ.

ಮರುದಿನ ಮಧ್ಯಾಹ್ನ ಇವರು ಅದರ ಮುಂದೆ ಕೂತು ಏನೇನೋ ಒತ್ತಿ, ಯುದ್ಧ ಗೆದ್ದವರ ಹಾಗೆ ನನ್ನನ್ನು ಕೂಗಿದರು. ಆಮೇಲೆ ಕೂರಿಸಿದ ಮೂರು ಡಿಸ್ಕು ಕಾಣುತ್ತಿದ್ದಲ್ಲಿ ಈಗ ಒಂದೇ, ಭಾರೀ ದೊಡ್ಡದು. ಬೀಗರ ಡಿಸ್ಕನ್ನು ಹಿಗ್ಗಿಸಿ ತಮ್ಮ ಎರಡರ ಮೇಲೂ ಹಾಸಿಬಿಟ್ಟಿದ್ದರು. ಹಾಗೆ ಮಾಡುವ ದಾರಿ ಕಂಪ್ಯೂಟರಿನಲ್ಲೇ ಇದೆಯಂತೆ. ನಕ್ಷೆಗಳು ಒಂದೂ ಅಳಿದಿರಲಿಲ್ಲ.

"ಇನ್ನು ಯಾವುದು ಯಾರದ್ದು ಅಂತ ಅವರಪ್ಪನಿಗೂ ಗೊತ್ತಾಗಲ್ಲ," ಎಂದರು.

"ಏನೂ ಎಚ್ಚರಿಕೆ ಕೊಡ್ಲಿಲ್ವಾ ಅದು?"

"ಕೊಡ್ತು. ಎಲ್ಲದಕ್ಕೂ ಕೊಡುತ್ತೆ. ಹೂಂ ಅಂದೆ."

ಬುದ್ಧಿ ಹೇಳಬೇಕಾಗಿದ್ದ ನಾನೂ ಖುಷಿಪಟ್ಟೆ. ಸಂಜೆ ಹುಡುಗಿ ನೋಡಿ, "ಇದೇನು ತಾತ, ಎಲ್ಲ ಒಂದೇ ಆಗಿದೆ?" ಎಂದಳು. "ಮುಂದೆ ನಿನಗೆ ಜಾಗ ಸಾಲದೆ ಹೋದ್ರೆ ಅಂತ," ಎಂದು ಇವರು ಕಿಟಕಿಯ ಕಡೆ ತಿರುಗಿದರು. ಅವಳು ಇವರ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿ, ನಕ್ಕು, ಕೆಲಸಕ್ಕೆ ಕೂತಳು.

ಕೊನೆಯ ನಕ್ಷೆಗಳನ್ನು ಒಪ್ಪಿಸಬೇಕಾದ ವಾರ ಕಂಪ್ಯೂಟರಿನ ಹೊಟ್ಟೆಯಿಂದ ಟಕ್ ಟಕ್ ಸದ್ದು ಬಂತು. ಇವರ ಹಳೆಯ ಡಿಸ್ಕುಗಳಲ್ಲೊಂದು ಕಣ್ಣು ಮುಚ್ಚಿತ್ತು. ಬೇರೆ ಬೇರೆ ಇದ್ದಿದ್ದರೆ ಅದೊಂದೇ ಹೋಗುತ್ತಿತ್ತು, ಅದೂ ಖಾಲಿ ಡಿಸ್ಕು, ಯಾರಿಗೇನು ನಷ್ಟ? ಮೂರನ್ನೂ ಒಂದು ಮಾಡಿದ್ದರಿಂದ ಹೊಸದೂ ಜೊತೆಗೇ ಹೋಯಿತು, ಅದರಲ್ಲಿದ್ದ ನಕ್ಷೆ ಒಂದೂ ತೆರೆಯಲಿಲ್ಲ. ಹುಡುಗಿ ನೆಲದ ಮೇಲೆ ಕುಸಿದು ಅಳತೊಡಗಿದಳು. ಒಪ್ಪಿಸದಿದ್ದರೆ ವರ್ಷವೇ ಹೋಗುತ್ತದೆ. ಇವರು ಬಿಚ್ಚಿದ್ದನ್ನೇ ಬಿಚ್ಚಿ, ಸಿಕ್ಕಿಸಿದ್ದನ್ನೇ ಸಿಕ್ಕಿಸಿ ಒದ್ದಾಡಿದರು. ಸೊಸೆ ಯಾರನ್ನೂ ಕೇಳದೆ ಅಪ್ಪನಿಗೆ ಫೋನ್ ಮಾಡಿದಳು.

ಬೀಗರು ಬಂದು ಪರದೆ ನೋಡಿದರು. ಒಂದು ಡಿಸ್ಕು ಕಾಣೆಯಾಗಿದೆ ಎಂದು ಅದೇ ಬರೆದು ತೋರಿಸುತ್ತಿತ್ತು.

"ಯಾರು ಇವನ್ನೆಲ್ಲ ಒಂದು ಮಾಡಿದ್ದು?" ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

ಸೊಸೆ ಮಾವನ ಕಡೆ ನೋಡಿದಳು. ಇವರ ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ನಾನೇ ಮಾಡಿಸ್ಕೊಂಡೆ," ಎಂದಳು ಹುಡುಗಿ, ಮೂಗು ಒರೆಸಿಕೊಂಡು. "ನಿಮ್ಮ ಡಿಸ್ಕು ತುಂಬಿಹೋಗಿತ್ತು, ಬಸ್ ತಾತ. ಜಾಗ ಸಾಲಲಿಲ್ಲ. ತಾತ ಬೇಡ ಬೇಡ ಅಂದ, ನಾನೇ ಹಠ ಮಾಡಿದೆ."

ಶುದ್ಧ ಸುಳ್ಳು. ಆ ಡಿಸ್ಕು ಅರ್ಧವೂ ತುಂಬಿರಲಿಲ್ಲ. ಪ್ರತಿ ಭಾನುವಾರ ಅವಳ ಕೆಲಸವನ್ನೆಲ್ಲ ತಮ್ಮ ಕಂಪ್ಯೂಟರಿಗೆ ಹಾಕಿಸಿಕೊಳ್ಳುತ್ತಿದ್ದ ಬೀಗರಿಗೆ ಅದು ಎಷ್ಟಿತ್ತೆಂದು ನಮಗಿಂತ ಚೆನ್ನಾಗಿ ಗೊತ್ತು. ಅವರು ಅವಳನ್ನೇ ನೋಡುತ್ತ ಕೂತರು. ಆಮೇಲೆ ಜೇಬಿನಿಂದ ಅಂಗೈಯಗಲದ ಡಿಸ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಹೋದ ಭಾನುವಾರದವರೆಗಿನದ್ದು ಎಲ್ಲ ಇದರಲ್ಲಿದೆ. ಮಿಕ್ಕಿದ್ದನ್ನ ಮಾಡ್ಕೊ, ಪುಟ್ಟಿ. ಆಗುತ್ತೆ."

ನಾನು ಕರುಬಿದ ಭಾನುವಾರಗಳೇ ಅವಳ ವರ್ಷ ಉಳಿಸಿದವು. ಬೀಗರಿಗೆ ಕೈ ಮುಗಿಯಬೇಕಿತ್ತು. ಆದರೆ ನನ್ನ ಮನಸ್ಸು ಕುಣಿಯುತ್ತಿದ್ದದ್ದು ಆ ಸುಳ್ಳಿಗೆ. ನಮ್ಮವರಿಗಾಗಿ ಹೇಳಿದಳಲ್ಲ! ಇವರು ನೆಲದ ಮೇಲೆ ಅವಳ ಪಕ್ಕ ಕೂತಿದ್ದರು. ಅವಳು ಇವರ ಭುಜಕ್ಕೆ ಒರಗಿ, "ಸಾಕು ಬಿಡು ತಾತ, ಸಿಕ್ತಲ್ಲ," ಎಂದು ಇವರಿಗೇ ಸಮಾಧಾನ ಹೇಳುತ್ತಿದ್ದಳು. ಇವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಬೀಗರು ಕಾಫಿ ಬೇಡವೆಂದರು. ಕಳಿಸಿಕೊಡಲು ನಾನು ಗೇಟಿನವರೆಗೆ ಹೋದೆ.

"ಒಂದು ಮಾತು ಕೇಳ್ಲಾ, ಬೀಗಿತ್ತಿಯವರೇ?" ಎಂದು ನಿಂತರು. "ಅದನ್ನ ಕೆಡಿಸಿದ್ದು ನಾನಾಗಿದ್ರೆ, ನನ್ನ ಪರವಾಗಿ ಹೀಗೆ ಸುಳ್ಳು ಹೇಳ್ತಿದ್ಲಾ?"

ಆ ಉರಿ ನನಗೆ ಹೊಸದಲ್ಲ, ನೋಡಿದ ಕೂಡಲೇ ಗುರುತು ಸಿಕ್ಕಿತು. ಇಷ್ಟು ವರ್ಷ ಆ ಮನುಷ್ಯನ ಮುಖದಲ್ಲಿ ಅದನ್ನು ನೋಡಬೇಕೆಂದು ಎಷ್ಟು ಸಲ ಆಸೆಪಟ್ಟಿದ್ದೆನೋ. ಈಗ ನೋಡಲಾಗಲಿಲ್ಲ.

"ಹೇಳ್ದೇ ಇರ್ತಾಳಾ? ಖಂಡಿತ ಹೇಳ್ತಿದ್ಲು," ಎಂದೆ.

"ಸುಳ್ಳು ನಿಮ್ಮನೇಲಿ ಎಲ್ಲರಿಗೂ ಚೆನ್ನಾಗಿ ಬರುತ್ತೆ," ಎಂದು ಬೀಗರು ಗೇಟನ್ನು ತಾವೇ ಎಳೆದುಕೊಂಡು ಹೋದರು.