ಅರವತ್ತು ದಾಟಿದರೆ ಅದುರುವ ಕಾರು

ನನ್ನ ಗಂಡ ವಿಲ್ಫ್ರೆಡನಿಗೆ ಕಾರಿನ ಮೇಲಿರುವ ಕಾಳಜಿಯ ಕಾಲುಭಾಗ ತನ್ನ ಮೈಯ ಮೇಲೆ ಇದ್ದಿದ್ದರೂ ನನ್ನ ತಲೆಕೂದಲು ಇಷ್ಟು ಬೇಗ ಹಣ್ಣಾಗುತ್ತಿರಲಿಲ್ಲ. ಹಳೆಯ ಕಾರು, ನಾಲ್ಕು ಚಕ್ರಕ್ಕೂ ಎಂಜಿನಿನ ಎಳೆತ ಇರುವಂಥದ್ದು. ವರ್ಕಾಡಿಯ ನಮ್ಮ ಮನೆಯಿಂದ ಟಾರು ರಸ್ತೆಗೆ ಹತ್ತುವ ಜಾರುಮಣ್ಣಿನ ಏರಿಗೆ ಅಂಥದ್ದೇ ಆಗಬೇಕೆಂದು, ಮಸ್ಕತ್ತಿನ ಗ್ಯಾರೇಜಿನ ಕೆಲಸ ಬಿಟ್ಟು ಬಂದ ವರ್ಷವೇ ಹುಡುಕಿ ತಂದಿದ್ದ. ಈಗ ಅವನು ಹಿಂದಿನ ಸೀಟಿನಲ್ಲಿ, ಸ್ಟಿಯರಿಂಗ್ ನನ್ನ ಕೈಯಲ್ಲಿ. ವಾರಕ್ಕೆ ಮೂರು ಸಲ ಮಂಗಳೂರಿನಲ್ಲಿ ಅವನಿಗೆ ಡಯಾಲಿಸಿಸ್.

ಅವನ ಎಡಗೈ ಮೊಣಗಂಟಿನ ಒಳಬದಿಯಲ್ಲಿ ಡಾಕ್ಟರು ಎರಡು ರಕ್ತನಾಳ ಸೇರಿಸಿ ಹೊಲಿದಿದ್ದಾರೆ. ಸೂಜಿ ಚುಚ್ಚುವುದು ಅಲ್ಲಿಗೇ. ಬೆರಳಿಟ್ಟರೆ ಒಳಗೆ, ಬೆಂಕಿಪೆಟ್ಟಿಗೆಯಲ್ಲಿ ದುಂಬಿ ಕೂಡಿಹಾಕಿದ ಹಾಗೆ, ಗುಂಯ್ ಅನ್ನುತ್ತಿರುತ್ತದೆ. ಅದು ಇದ್ದರೆ ರಕ್ತ ಓಡುತ್ತಿದೆ. ನಿಂತರೆ ಕೂಡಲೇ ಹೊರಟು ಬರಬೇಕು, ತಡವಾದರೆ ತೆರೆಯಲಿಕ್ಕಾಗುವುದಿಲ್ಲ, ಬಲಗೈಯದು ಮೊದಲೇ ಕೆಟ್ಟಿದೆ, ಇನ್ನು ಚುಚ್ಚಲು ಒಳ್ಳೆಯ ಜಾಗವೇ ಉಳಿದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಆ ಕೈಯಲ್ಲಿ ಭಾರ ಹಿಡಿಯಬಾರದು, ಅದರ ಮೇಲೆ ಮಲಗಬಾರದು, ವಾಚು ಕೂಡ ಕಟ್ಟಬಾರದು. ಹಾಗಾಗಿ ದಿನ ಬೆಳಗಾದರೆ ನನ್ನದು ಒಂದೇ ಪ್ರಶ್ನೆ.

"ಕೈ ಉಂಟಾ?"

"ಉಂಟು ಮಾರಾಯ್ತಿ."

ಆ ಬೆಳಿಗ್ಗೆಯೂ ಉಂಟು ಎಂದಿದ್ದ. ಹರತಾಳದ ದಿನ. ಬಸ್ಸಿಲ್ಲ, ಬಾಡಿಗೆ ಕಾರಿಲ್ಲ. ಗಾಜಿಗೆ 'ಆಸ್ಪತ್ರೆ' ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದ ಕಾಗದ ಅಂಟಿಸಿ ಹೊರಟೆವು. ಆಯುಧಪೂಜೆಗೆ ಮೊದಲು ಸರ್ವಿಸಿಗೆಂದು ಹೊಸಂಗಡಿಯ ಪ್ರವೀತನ ಗ್ಯಾರೇಜಿಗೆ ಬಿಟ್ಟಿದ್ದ ಕಾರು ಹಿಂದಿನ ದಿನವಷ್ಟೇ ಮನೆಗೆ ಬಂದಿತ್ತು. ರಸ್ತೆ ಖಾಲಿ ಬಿದ್ದಿತ್ತು, ನಾನೂ ಕಾಲು ಒತ್ತಿದೆ. ಅರವತ್ತು ದಾಟಿದ್ದೇ ತಡ, ಕಾರಿನ ಹೊಟ್ಟೆಯೊಳಗೆ ಗಡಗಡ ಶುರುವಾಯಿತು.

"ಸ್ಟಿಯರಿಂಗ್ ನಡುಗ್ತಾ ಉಂಟಾ?" ಎಂದ ವಿಲ್ಲಿ. ಅವನ ದನಿಯಲ್ಲಿ ಖುಷಿ ಇತ್ತು, ಸುಳ್ಳು ಯಾಕೆ ಹೇಳಲಿ.

"ಸ್ಟಿಯರಿಂಗ್ ಇಲ್ಲ. ನನ್ನ ಕುಂಡೆ ನಡುಗ್ತಾ ಉಂಟು."

"ಹಾಗಾದ್ರೆ ಮುಂದಿನ ಚಕ್ರ ಅಲ್ಲ. ನ್ಯೂಟ್ರಲ್ ಮಾಡು. ಹಾಗೇ ಉರುಳ್ಲಿ."

ನ್ಯೂಟ್ರಲ್ ಮಾಡಿದೆ. ಎಂಜಿನಿನ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ವೇಗ ಐವತ್ತಕ್ಕೆ ಬಂದ ಮೇಲೆ ತಾನಾಗಿ ನಿಂತಿತು.

"ಎಂಜಿನ್ ಕೂಡ ಅಲ್ಲ. ಪುನಃ ಅರವತ್ತಕ್ಕೆ ತಾ."

ಚಪ್ಪಲಿ ಕಳಚಿ, ಹಿಂದಿನ ಸೀಟಿನ ಮುಂದೆ ನೆಲ ಉಬ್ಬಿಕೊಂಡಿರುವಲ್ಲಿ ಬರಿಗಾಲು ಇಟ್ಟು ಕೂತ. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿಕೊಂಡಿದ್ದಾನೆ.

"ವಿಲ್ಲಿ, ಕೈ ಉಂಟಾ?"

"ಈ ಅದುರಿನಲ್ಲಿ ಎಂತ ಗೊತ್ತಾಗ್ತದೆ, ಸುಮ್ನಿರು. ಇಲ್ಲೇ ಉಂಟು ನೋಡು, ಕಾಲಿನ ಅಡಿಗೆ. ಹಿಂದಿನ ಶಾಫ್ಟ್."

ಎಂಜಿನಿನ ಎಳೆತವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಉದ್ದನೆಯ ಕಬ್ಬಿಣದ ಕೊಳವೆ ಅದು, ನಮ್ಮ ಕಾಲಡಿಯಲ್ಲೇ ಗರಗರ ತಿರುಗುತ್ತಿರುತ್ತದೆ. ಮೆಲ್ಲಗೆ ನಲವತ್ತರಲ್ಲಿ ಹೋಗುವಾ ಎಂದೆ.

"ಬೋಲ್ಟ್ ಸಡಿಲ ಆಗಿದ್ರೆ ನಲವತ್ತರಲ್ಲೂ ಕಳಚ್ತದೆ. ತುದಿ ರಸ್ತೆಗೆ ಕುತ್ತಿದ್ರೆ ಕಾರು ಪಲ್ಟಿ. ನೋಡದೆ ಹೈವೇಗೆ ಹೋಗುವುದು ಬೇಡ. ಪ್ರವೀತನಲ್ಲಿಗೆ ಬಿಡು."

ಒಳ್ಳೆಯ ಮಾತು ಇವನ ಬಾಯಿಗೆ ಬರುವುದೇ ಇಲ್ಲ. ಹೊಸಂಗಡಿಯವರೆಗೆ ಹಲ್ಲು ಕಚ್ಚಿಕೊಂಡು ಓಡಿಸಿದೆ.

ಪ್ರವೀತನ ಗ್ಯಾರೇಜಿನ ಶಟರು ಅರ್ಧ ಇಳಿದಿತ್ತು. ಕೆಲಸದವರು ಯಾರೂ ಬಂದಿರಲಿಲ್ಲ. ಕಾರನ್ನು, ಗಾಡಿಯ ಅಡಿ ನೋಡಲು ತೋಡಿದ ಹೊಂಡದ ಮೇಲೆ ನಿಲ್ಲಿಸಿಕೊಂಡು ಅವನು ಕೆಳಗಿಳಿದು ಟಾರ್ಚು ಬಿಟ್ಟ. ವಿಲ್ಲಿ ಮೇಲಿನಿಂದಲೇ ಬಗ್ಗಿ ನೋಡಿದ. ಶಾಫ್ಟ್ ಕೆಂಪಗೆ ಮಿರಮಿರ ಮಿಂಚುತ್ತಿತ್ತು.

"ಇದಕ್ಕೆ ಪೇಂಟ್ ಹೊಡೆದದ್ದು ಯಾರು?"

"ನಾನೇ ಪೊರ್ಬುಗಳೇ," ಎಂದ ಪ್ರವೀತ್. ಕ್ರಿಶ್ಚನ್ ಗಂಡಸರನ್ನು ಇಲ್ಲಿಯವರು ಹಾಗೆಯೇ ಕರೆಯುವುದು. "ಪೂಜೆಯ ದಿನ ನಮ್ಮಲ್ಲಿ ನಿಂತ ಗಾಡಿ ಎಲ್ಲ ನಮ್ಮದೇ ಲೆಕ್ಕ ಅಲ್ವಾ. ಜೋಡು ಬಿಚ್ಚಿ ಎರಡು ತುಂಡು ಮಾಡಿ, ತುಕ್ಕು ಉಜ್ಜಿ, ಪೇಂಟ್ ಹೊಡೆದು, ಕುಂಕುಮ ಇಟ್ಟೇ ಕೂರಿಸಿದ್ದು."

"ಎರಡು ತುಂಡಿನಲ್ಲೂ ಒಂದೊಂದು ಚುಕ್ಕಿ ಕೊರೆದದ್ದು ಇತ್ತು. ಚುಕ್ಕಿಗೆ ಚುಕ್ಕಿ ಎದುರು ಬರ್ಬೇಕು, ಇಲ್ಲದಿದ್ರೆ ತಿರುಗುವಾಗ ತೂಕ ತಪ್ಪಿ ಅದುರ್ತದೆ. ನೋಡಿದ್ದಿಯಾ?"

ಪ್ರವೀತ್ ಉಗುರಿನಿಂದ ಪೇಂಟು ಕೆರೆದ. ಒಂದು ಚುಕ್ಕಿ ಮೇಲೆ, ಇನ್ನೊಂದು ಎಲ್ಲೋ ಪಕ್ಕದಲ್ಲಿ. ಅವನ ಮುಖ ಸಣ್ಣದಾಯಿತು.

"ದೇವರಿಗೆ ಚಂದ ಕಾಣ್ಲಿಕ್ಕೆ ಹೋಗಿ ಗುರುತನ್ನೇ ಮುಚ್ಚಿದ್ದಿ ಮಾರಾಯ," ಎಂದು ವಿಲ್ಲಿ ನಕ್ಕ. ನನಗೆ ನಗು ಬರಲಿಲ್ಲ. ಹೊತ್ತು ಏರುತ್ತಿತ್ತು, ಮಂಗಳೂರಿನಲ್ಲಿ ಇವನ ಯಂತ್ರ ಬೇರೆಯವರಿಗೆ ಹೋದರೆ ನಾಳೆಯ ತನಕ ಕಾಯಬೇಕು. ಮೊನ್ನೆಯಿಂದಲೇ ಇವನ ಕಾಲು ಬಾತಿದೆ.

"ಬಾಯಮ್ಮ, ಒಮ್ಮೆ ಆಸ್ಪತ್ರೆಗೆ ಫೋನ್ ಮಾಡಿ. ಅಷ್ಟರಲ್ಲಿ ಬಿಚ್ಚಿ ತಿರುಗಿಸಿ ಹಾಕ್ತೇನೆ," ಎಂದು ಪ್ರವೀತ್ ನನಗೆ ಹೇಳಿದ.

ಒಳಗೆ ಸಿಗ್ನಲ್ ಇಲ್ಲ. ರಸ್ತೆಗೆ ಬಂದು ನಿಂತೆ. ಅತ್ತಲಿನ ಹುಡುಗಿ ನನ್ನನ್ನು ಕಾಯಿಸಿ, ಇನ್ನೊಬ್ಬರಿಗೆ ಕೊಟ್ಟು, ಅವರು ಮತ್ತೊಬ್ಬರಿಗೆ ಕೊಟ್ಟು, ನಾನು ದನಿ ಏರಿಸಿ, ಆಮೇಲೆ ಅಂಗಲಾಚಿ, ಅಂತೂ ಮಧ್ಯಾಹ್ನದ ಸರದಿಗೆ ಹೆಸರು ಬರೆಸಿ ವಾಪಸು ಬಂದೆ. ಶಾಫ್ಟ್ ಕೂರಿಸಿ ಆಗಿತ್ತು. ವಿಲ್ಲಿ ಸ್ಟೂಲಿನ ಮೇಲೆ ಕೂತು ಎಣ್ಣೆ ಒರೆಸುವ ಬಟ್ಟೆಚೂರಿನಲ್ಲಿ ಬೆರಳು ಒರೆಸಿಕೊಳ್ಳುತ್ತಿದ್ದ. ಪ್ರವೀತ್ ನನ್ನ ಮುಖ ನೋಡದೆ ಸ್ಪ್ಯಾನರ್ ಜೋಡಿಸುತ್ತಿದ್ದ. ನನಗೆ ಆಗಲೇ ಗೊತ್ತಾಗಬೇಕಿತ್ತು.

ಈ ಸಲ ವಿಲ್ಲಿ ಮುಂದೆ ಕೂತ. ಹೈವೇಗೆ ಏರಿದೆವು. ಐವತ್ತು, ಅರವತ್ತು. ಎಪ್ಪತ್ತು, ಎಂಬತ್ತು. ಕಾರು ನೀರಿನ ಮೇಲೆ ಹೋದ ಹಾಗೆ ಹೋಯಿತು. ಕೋಪವೆಲ್ಲ ಇಳಿದು, ಇವನನ್ನು ಕಟ್ಟಿಕೊಂಡದ್ದು ಅಷ್ಟೇನೂ ನಷ್ಟವಲ್ಲ ಎಂದು ಕೂಡ ಅನಿಸಿತು.

"ಕೈ ಉಂಟಾ?" ಎಂದೆ.

ತಿರುಗಿ ನೋಡಿದರೆ ಬಲಗೈ ಬೆರಳುಗಳನ್ನು ಎಡಗೈಯ ಮೇಲೆ ಮೆಲ್ಲಗೆ ಮೇಲೆ ಕೆಳಗೆ ಸರಿಸುತ್ತಿದ್ದಾನೆ.

"ಸ್ವಲ್ಪ ನಿಲ್ಲಿಸು. ಎಂಜಿನ್ ಕೂಡ ಬಂದ್ ಮಾಡು."

ಬದಿಗೆ ನಿಲ್ಲಿಸಿದೆ. ಬೆಲ್ಟು ಬಿಚ್ಚಿ, ಅತ್ತ ಬಾಗಿ, ನನ್ನದೇ ಬೆರಳು ಇಟ್ಟೆ. ಅಲ್ಲಿ ಬರೀ ಚರ್ಮ ಇತ್ತು. ಒತ್ತಿದೆ, ಸರಿಸಿದೆ, ಕಿವಿ ಇಟ್ಟು ಕೇಳಿದೆ. ಏನೂ ಇಲ್ಲ. ಮೊಣಗಂಟಿನ ಒಳಬದಿಗೆ ಅಡ್ಡಲಾಗಿ ಗ್ರೀಸಿನ ಅಗಲವಾದ ಪಟ್ಟಿ ಕಂಡಿತು. ಅದರ ಅಂಚಿಗೆ ಕೆಂಪು ಪೇಂಟಿನ ಚಕ್ಕೆ ಅಂಟಿತ್ತು.

"ನೀನು ಹಿಡಿದದ್ದಾ?"

"ಅವನೊಬ್ಬನಿಂದ ಆಗ್ಲಿಲ್ಲ. ಒಂದು ಕಡೆ ಎತ್ತಿ ಹಿಡಿಯದೆ ಚುಕ್ಕಿ ಕೂರುವುದಿಲ್ಲ. ಹೊಂಡಕ್ಕೆ ಇಳಿದು ಕೈ ಮಡಚಿ ಶಾಫ್ಟನ್ನು ಅದರ ಮೇಲೆ ಇಟ್ಟುಕೊಂಡೆ. ಸ್ವಲ್ಪ ಹೊತ್ತು."

"ನನ್ನನ್ನು ಕರೀಲಿಕ್ಕೆ ಬಾಯಿ ಇರ್ಲಿಲ್ವಾ?"

"ನೀನು ಫೋನಲ್ಲಿ ಇದ್ದಿ."

ಕೆನ್ನೆಗೆ ಬಾರಿಸಬೇಕು ಅನಿಸಿತು. ಅಳು ಬಂತು. ಎರಡಕ್ಕೂ ಪುರುಸೊತ್ತಿರಲಿಲ್ಲ. ಕಾರು ಚಾಲೂ ಮಾಡಿದೆ. ತೊಂಬತ್ತು ಆಯಿತು, ನೂರು ಆಯಿತು. ತಲಪಾಡಿ ಹತ್ತಿರ ಅವನು ಬರಿಗಾಲನ್ನು ನೆಲಕ್ಕೆ ಊರಿ ನೋಡಿದ.

"ಸರಿ ಉಂಟು ಸೆಲಿನ್. ಇನ್ನು ನಾನು ಇಲ್ಲದಿದ್ರೂ ಇದು ನಿನ್ನನ್ನು ದಾರಿಯಲ್ಲಿ ಬಿಡುವುದಿಲ್ಲ."

"ಬಾಯಿ ಮುಚ್ಚಿ ಕೂತುಕೋ," ಎಂದೆ.

ಕೂತ. ನಾನು ಇನ್ನೂ ಒತ್ತಿದೆ. ಕಾರು ಒಂದಿಷ್ಟೂ ಅದುರಲಿಲ್ಲ. ಅವನ ಬೆರಳು ಇನ್ನೂ ಆ ಕೈಯ ಮೇಲೇ ಇತ್ತು, ಉಂಟಾ ಎಂದು ನಾನು ಕೇಳಲಿಲ್ಲ.