ಕುಬಸದ ಸೀರೆ, ಗೂಡ್ಸ್ ಗಾಡಿ

ಬಸುರಿಯಾದವಳು ನಾನು, ಬೆಳಗಾದರೆ ಓಕರಿಸುತ್ತಿದ್ದವರು ನಮ್ಮ ಮನೆಯವರು. ಅವರು ಬಚ್ಚಲಲ್ಲಿ ಕೂತು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರೆ, ನಾನು ಒಲೆಯ ಮುಂದೆ ಬಿಸಿ ರೊಟ್ಟಿಗೆ ಪುಂಡಿಪಲ್ಯ ಸವರಿಕೊಂಡು ತಿನ್ನುತ್ತಿದ್ದೆ. ನಮ್ಮತ್ತೆ ಮಗನ ಬೆನ್ನು ತಿಕ್ಕುತ್ತಾ, "ಯವ್ವಾ, ನಿನ್ನ ಬಸರು ನನ್ನ ಮಗ ಕಸಗೊಂಡಾನ ನೋಡು. ಹಡೆಯೂದರ ನೀನೇ ಹಡಿ," ಎನ್ನುತ್ತಿದ್ದರು.

ನಮ್ಮ ಮನೆಯವರ ಹೆಸರು ಅಂಬಾರಾಯ. ವಾಡಿಯಲ್ಲಿ ಗೂಡ್ಸ್ ಗಾಡಿಯ ಫಾಯರ್‌ಮನ್. ಎಂಜಿನ್ನಿನ ಬೆಂಕಿಯ ಬಾಯಿಗೆ ಕಲ್ಲಿದ್ದಲು ಎಸೆಯುವುದು ಅವರ ಕೆಲಸ. ನೂರಾರು ಗಾಲಿ ಎಳೆಯುವ ಯಂತ್ರದ ಎದುರು ಎದೆಗೊಟ್ಟು ನಿಲ್ಲುವ ಮನುಷ್ಯ, ನಾನು ಒಂದು ಕೊಡ ನೀರು ಎತ್ತಿದರೆ ಕೂಗಾಡಿ ಓಣಿ ಕೂಡಿಸುತ್ತಿದ್ದರು. ಹಸಿ ಕಲ್ಲಿದ್ದಲಿನ ವಾಸನೆ ಹಿತವೆನಿಸುತ್ತದೆ ಎಂದು ಒಮ್ಮೆ ಬಾಯಿ ತಪ್ಪಿ ಅಂದೆ. ಮರುದಿನವೇ ಅಂಗೈಯಗಲದ ಒಂದು ಕಲ್ಲಿದ್ದಲನ್ನು ಸಾಬೂನು ಹಚ್ಚಿ ತೊಳೆದು, ಒಗೆದ ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟರು. ಅದರಿಂದ ಬಂದದ್ದು ಸಾಬೂನಿನ ವಾಸನೆ ಮಾತ್ರ. ಅವರ ಮುಖ ನೋಡಿ, "ಆಹಾ," ಎಂದೆ.

ಬಸುರಿಯ ಗಂಡ ಕ್ಷೌರ ಮಾಡಿಸಬಾರದು, ತೆಂಗಿನಕಾಯಿ ಒಡೆಯಬಾರದು ಎಂದು ಅತ್ತೆ ಮೊದಲ ದಿನವೇ ಕಟ್ಟು ಹಾಕಿದ್ದರು. ಗುಲಬರ್ಗಾದಲ್ಲಿ ಕಾಲೇಜು ಓದಿದ ನನಗೆ ಗಡ್ಡಕ್ಕೂ ಗರ್ಭಕ್ಕೂ ಏನು ನಂಟೋ ತಿಳಿಯದು. ಆದರೂ ಅದು ಸುಳ್ಳು ಎನ್ನುವ ಧೈರ್ಯ ನನಗಿರಲಿಲ್ಲ. ನಾನು ಹೊಸ್ತಿಲನ್ನೂ ಎರಡು ಸಲ ನೋಡಿ ದಾಟುವವಳು. ಹೀಗಾಗಿ ಗಡ್ಡ ಬೆಳೆಯಿತು. ಗಡ್ಡದೊಳಗೆ ಮಸಿ ಕೂತಿತು. ಅವರ ಡ್ರೈವರ್ ಗುಲಾಮ ದಸ್ತಗೀರ ಚಾಚಾ ಒಂದು ದಿನ ನಮ್ಮ ಮನೆಗೆ ಚಹಾಕ್ಕೆ ಬಂದವರು, "ಬೇಟಿ, ನಿನ್ನ ಗಂಡ ಎಂಜಿನ್‌ದಾಗಿಂದ ಮುಖ ಹೊರಗ ಹಾಕಿದ್ರ ಮಂದಿ ಫಕೀರ ಬಂದ ಅಂತ ಕೈ ಮುಗಿಲಿಕತ್ತಾರ. ನಾ ಬಾಜೂಕ ಕುಂತು ನಜರಾನಾ, ಕಾಣಿಕಿ ಕೇಳ್ತೀನಿ," ಎಂದು ನಕ್ಕರು.

ನಗುವಿನ ಕೆಳಗೆ ಒಂದು ಹೆದರಿಕೆ ಇತ್ತು, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಹಿಂದಿನ ವರ್ಷ ನನಗೆ ನಿಂತಿದ್ದ ಬಸಿರು ಉಳಿಯಲಿಲ್ಲ. ಆಗ ಅವರು ಗಾಡಿಯ ಮೇಲಿದ್ದರು. ಓಣಿಗೆಲ್ಲ ತಿಳಿದ ಮೇಲೆ, ಎಲ್ಲರಿಗಿಂತ ಕೊನೆಗೆ, ಚೀಲದ ತುಂಬ ಪೇರಲಹಣ್ಣು ಹಿಡಿದುಕೊಂಡು ನಗುನಗುತ್ತಾ ಬಾಗಿಲಿಗೆ ಬಂದಿದ್ದರು. ಆ ಹಣ್ಣನ್ನು ಯಾರೂ ತಿನ್ನಲಿಲ್ಲ. ಈ ಸಲ ಏನೇ ಆಗಲಿ, ತಾನು ಕೊನೆಯವನಾಗಿ ತಿಳಿಯಬಾರದು ಎನ್ನುವುದೊಂದೇ ಅವರ ಹಟ.

ಆದರೆ ಚೊಚ್ಚಲ ಹೆರಿಗೆ ತವರಿನಲ್ಲಿ. ನನ್ನ ತವರು ಚಿತ್ತಾಪುರ. ಕುಬಸ, ಅಂದರೆ ಸೀಮಂತ, ಮುಗಿಸಿ ಮಗಳನ್ನು ಕರೆದುಕೊಂಡು ಹೋದ ಮೇಲೆ, ಹಡೆದ ಸುದ್ದಿ ಬರುವ ತನಕ ಅಳಿಯ ಆ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ. ನನ್ನ ಅವ್ವ ಗುಂಡಮ್ಮ ಇಂಥ ವಿಷಯದಲ್ಲಿ ಕಲ್ಲಿನಂಥವಳು.

ಕುಬಸದ ದಿನ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ನಾನು ಮಣೆಯ ಮೇಲೆ ಕೂತಿದ್ದೆ. ಇವರು ಹೆಂಗಸರ ನಡುವೆ ನುಸುಳಿಕೊಂಡು ಬಂದು ಅವ್ವನ ಮುಂದೆ ನಿಂತರು.

"ಅತ್ತಿ, ನಮ್ಮ ಗಾಡಿ ಸೇಡಂ ಕಡೆ ಹೋಗಾಗ ನಿಮ್ಮ ಹಿತ್ತಲ ಮುಂದೇ ಹೋಗ್ತದ. ಆಕಿ ಹಡದ ಕೂಡ್ಲೆ ಮಾಳಿಗಿ ಮ್ಯಾಲ ಒಂದು ಹಸರು ಬಟ್ಟಿ ಕಟ್ಟಿಬಿಡ್ರಿ. ನಾ ನೋಡ್ತೀನಿ."

ಅವ್ವನಿಗೆ ಆ ಯುಕ್ತಿ ಹಿಡಿಸಿತು. "ಗಂಡಾದ್ರ ಹಸರು. ಹೆಣ್ಣಾದ್ರ?"

"ಗಂಡು ಹೆಣ್ಣು ಬ್ಯಾಡ್ರಿ. ತಾಯಿ ಕೂಸು ಇಬ್ಬರೂ ಆರಾಮ ಅಂದ್ರ ಹಸರು. ನನಗ ಅಷ್ಟು ಸಾಕು."

"ಮತ್ತ ಕೆಂಪು..." ಎಂದು ಬಾಯಿ ತೆರೆದ ಅವ್ವ, ಇವರ ಮುಖ ನೋಡಿ ಬಾಯಿ ಮುಚ್ಚಿದಳು. ಆಮೇಲೆ, "ದೂರಿಂದ ಕಾಣ್ಸದಿದ್ರ ಬೀಸಲೇನ್ರಿ?" ಎಂದಳು.

"ಅಯ್ಯೋ, ಬೀಸಬ್ಯಾಡ್ರಿ! ಬಣ್ಣ ಯಾವುದರ ಇರ್ಲಿ, ಲೈನಿನ ಬಾಜೂಕ ಏನರ ಜೋರಾಗಿ ಬೀಸಿದ್ರ ಅಪಾಯ ಅಂತ ಲೆಕ್ಕ. ಡ್ರೈವರ್ ಗಾಡಿ ನಿಲ್ಲಸಲೇಬೇಕು. ರೂಲು ಅದ. ಸುಮ್ಮ ಕಟ್ರಿ, ಸಾಕು."

ಚಿತ್ತಾಪುರಕ್ಕೆ ಬಂದ ಮೇಲೆ ಅವ್ವ ಅಪ್ಪನ ಹಳೆಯ ಹಸಿರು ರುಮಾಲನ್ನು ತೊಳೆದು ಮಡಿಚಿ ದೇವರ ಗೂಡಿನಲ್ಲಿ ಇಟ್ಟಳು. ಕೆಂಪು ತೇಪೆಯ ಕೌದಿ ಪೆಟ್ಟಿಗೆ ಸೇರಿತು. ಮೆಣಸಿನಕಾಯಿಯನ್ನು ಸಹ ಆ ವರ್ಷ ಮಾಳಿಗೆಗೆ ಏರಿಸದೆ ಅಂಗಳದಲ್ಲೇ ಒಣಗಿಸಿದಳು. ದಿನಾ ಗೂಡ್ಸ್ ಬರುತ್ತಿತ್ತು. ನಮ್ಮ ಹಿತ್ತಲು ಹತ್ತಿರವಾದಂತೆ ಗಡ್ಡದ ಮುಖವೊಂದು ಎಂಜಿನ್ನಿನಿಂದ ಹೊರಗೆ ಬಾಗಿ ಮಾಳಿಗೆ ನೋಡುವುದು, ಒಳಗೆ ಹೋಗುವುದು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೈ ಬೀಸಲು ಹೋಗಿ, ರೂಲು ನೆನಪಾಗಿ, ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದೆ.

ಎಲ್ಲವನ್ನೂ ಯೋಚಿಸಿದ್ದ ಅವ್ವ ಒಂದನ್ನು ಮರೆತಳು. ಅವಳ ಲೆಕ್ಕದಲ್ಲಿ ಹಸಿರು ಎಂದರೆ ದೇವರ ಗೂಡಿನ ರುಮಾಲು ಮಾತ್ರ. ಒಂದು ಬುಧವಾರ ನನ್ನ ಕುಬಸದ ಸೀರೆಯನ್ನು ಒಗೆದು, ಹಿಂಡಿ, ಅಷ್ಟುದ್ದ ಹಸಿರನ್ನು ಮಾಳಿಗೆಯ ಈ ತುದಿಯಿಂದ ಆ ತುದಿಗೆ ಹಗ್ಗದ ಮೇಲೆ ಹರವಿ ಇಳಿದು ಬಂದಳು.

ನಾನು ಊಟಕ್ಕೆ ಕೂತಿದ್ದೆ. ಗೂಡ್ಸ್ ಬಂತು. ಮೊದಲು ಒಂದು ಸೀಟಿ. ಆಮೇಲೆ ಇನ್ನೊಂದು. ಆಮೇಲೆ ಬಿಡುವೇ ಇಲ್ಲದೆ, ಎಂಜಿನ್ನಿಗೆ ಹುಚ್ಚು ಹಿಡಿದಂತೆ, ಸ್ಟೇಷನ್ ದಾಟಿ ಹೊಲಗಳ ಆಚೆ ಕ್ಷೀಣವಾಗುವ ತನಕ ಸೀಟಿಯೋ ಸೀಟಿ. ಓಣಿಯ ನಾಯಿಗಳೆಲ್ಲ ಕೂಗಿದವು. ಹೊಟ್ಟೆಯೊಳಗಿನದು ಒಂದು ಒದೆ ಕೊಟ್ಟಿತು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಅವ್ವಾ, ಮಾಳಿಗಿ ಮ್ಯಾಲ ಏನು ಹಾಕಿ?"

"ನಿನ್ನ ಸೀರಿ, ಯಾಕ?" ಎಂದವಳು, ತಾನೇ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಸೇಡಂ ಸ್ಟೇಷನ್ನಿನಲ್ಲಿ ಇವರು ಪೇಢೆ ಹಂಚಿದರಂತೆ. ವಾಡಿಗೆ ಮರಳಿದ ಮೇಲೆ ಇಡೀ ಎಂಜಿನ್ ಶೆಡ್ಡಿಗೆ ಹಂಚಿದರಂತೆ. ಮರುದಿನ ಬೆಳಿಗ್ಗೆಯ ಪ್ಯಾಸೆಂಜರ್ ಗಾಡಿಗೆ ನಮ್ಮತ್ತೆ ಇಳಕಲ್ ಸೀರೆ ಉಟ್ಟು, ತೊಟ್ಟಿಲ ಹಗ್ಗ, ಬಾಣಂತಿಗೆಂದು ಅಂಟಿನ ಉಂಡಿ, ಬೆಳ್ಳುಳ್ಳಿ ಹೊತ್ತು ಬಂದಿಳಿದರು. ನಾನು ಅಂಗಳದಲ್ಲಿ ಗುಡ್ಡದಂಥ ಹೊಟ್ಟೆ ಹೊತ್ತುಕೊಂಡು ಜೋಳ ಹಸನು ಮಾಡುತ್ತಿದ್ದೆ.

"ಎಲ್ಲವ್ವ ಕೂಸು?"

"ಇಲ್ಲೇ ಅದರಿ ಅತ್ತಿ," ಎಂದು ಹೊಟ್ಟೆ ತೋರಿಸಿದೆ.

ಅತ್ತೆ ನನ್ನ ಹೊಟ್ಟೆ ನೋಡಿದರು, ಉಂಡಿಯ ಡಬ್ಬಿ ನೋಡಿದರು, ಅಲ್ಲೇ ಕಟ್ಟೆಯ ಮೇಲೆ ಕುಸಿದರು. ಅವರ ಹಿಂದೆ ಹೊಸ್ತಿಲಾಚೆ ಒಬ್ಬ ಅಪರಿಚಿತ ಗಂಡಸು ನಿಂತಿದ್ದ. ನುಣ್ಣನೆಯ ಕೆನ್ನೆ, ಕಿವಿಯ ತನಕ ಕತ್ತರಿಸಿದ ಕೂದಲು. ಕಣ್ಣು ನೋಡಿದ ಮೇಲೆ ಇವರೆಂದು ಗುರುತು ಸಿಕ್ಕಿತು. ಕೂಸು ಹುಟ್ಟಿತೆಂದು ಗಡ್ಡ ತೆಗೆಸಿಕೊಂಡಿದ್ದರು!

"ಅಯ್ಯೋ, ಗಡ್ಡ!" ಎಂದರು ಇವರು, ಕೆನ್ನೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು. "ಅವ್ವಾ, ಗಡ್ಡ ತಗಿಸಿನಿ. ಈಗ ಏನು ಮಾಡ್ಲಿ?"

"ಏನು ಮಾಡ್ತಿ? ಹೋಗಿ ಹಜಾಮನ ಅಂಗಡ್ಯಾಗ ಕಸ ಹುಡುಕು," ಎಂದರು ಅತ್ತೆ.

ನನ್ನನ್ನು ನೋಡಲು ಬಂದಿದ್ದ ಸೂಲಗಿತ್ತಿ ಮಾಸುಮಬಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಿದ್ದಳು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೊಸ್ತಿಲಿಗೆ ಬಂದಳು. "ಬೇಟಾ, ಕೂಸು ಹೊಟ್ಟ್ಯಾಗ ಅದ, ನಿನ್ನ ಗಡ್ಡದಾಗ ಇಲ್ಲ. ಹೋಗು, ಕೆಲಸ ನೋಡು. ಹುಟ್ಟಿದ್ರ ನಾವು ಹೇಳ್ತೀವಿ."

"ಹೆಂಗ ಹೇಳ್ತೀರಿ? ಹಸರು ಕಂಡ್ರ ಇನ್ನ ನಾ ನಂಬೂದಿಲ್ಲ," ಎಂದರು ಇವರು. ದನಿ ಅಳುವಿನ ಅಂಚಿಗೆ ಬಂದಿತ್ತು. "ಸೀರಿ ಒಣಗಲಿಕತ್ತದ ಅಂತ ತಿಳಕೋತೀನಿ. ವಾಡ್ಯಾಗ ಕಂಡವರೆಲ್ಲ ಕೂಸಿನ ಹೆಸರೇನಿಟ್ಟಿ ಅಂತ ಕೇಳ್ಲಿಕತ್ತಾರ ಅತ್ತಿ."

"ನಂಬಸೂ ಕೆಲಸ ನಂದು," ಎಂದಳು ಅವ್ವ.

ಅವ್ವ ಆಡಿದ ಮಾತು ಮರೆಯುವವಳಲ್ಲ. ಆದರೆ ಅವಳಿಗೆ ಬೇರೆ ಯುಕ್ತಿ ಹೊಳೆಯುವ ಮೊದಲೇ, ಇವರ ಮುಖದ ಮೇಲೆ ಗಡ್ಡ ಮತ್ತೆ ಮುಳ್ಳು ಮುಳ್ಳಾಗಿ ಮೂಡುವ ಹೊತ್ತಿಗೆ, ನಸುಕಿನಲ್ಲಿ ನನಗೆ ನೋವು ಶುರುವಾಯಿತು. ಬಿಸಿಲು ಅಂಗಳಕ್ಕೆ ಇಳಿಯುವಷ್ಟರಲ್ಲಿ ಮಾಸುಮಬಿಯ ಕೈಗೆ ಕೂಸು ಬಂತು. ಹೆಣ್ಣು. ಮೈ ಕೆಂಪಗೆ, ಮುಷ್ಟಿ ಬಿಗಿಯಾಗಿ, ಅಪ್ಪನಂತೆಯೇ ಯಾವುದಕ್ಕೋ ಗಾಬರಿಯಾದ ಮುಖ. ಅವ್ವ ದೇವರ ಗೂಡಿನಿಂದ ರುಮಾಲು ತೆಗೆದುಕೊಂಡು ಮಾಳಿಗೆಗೆ ಓಡಿದಳು.

ಸೇಡಂ ಕಡೆ ಹೋಗುವ ಗೂಡ್ಸ್ ಬಂತು. ನಾನು ಸೀಟಿಗೆ ಕಾದೆ. ಗಾಲಿಗಳು ಒಂದೊಂದಾಗಿ ಉರುಳಿದವು. ಸೀಟಿ ಇಲ್ಲ. ಗಾಡಿ ಹೋಯಿತು.

"ನೋಡಿದ್ರವ್ವ, ಕಣ್ಣಾರೆ ನೋಡಿದ್ರು," ಎಂದು ಅವ್ವ ಮೆಟ್ಟಿಲಿಳಿಯುತ್ತಾ ಕೂಗಿದಳು. "ನೋಡಿ ಮಾರಿ ತಿರುವಿಕೊಂಡ್ರು!"

ಮಾಸುಮಬಿ ನಕ್ಕಳು. ನನಗೆ ನಗು ಬರಲಿಲ್ಲ. ಪಕ್ಕದಲ್ಲಿ ಕೂಸು ಬೆಚ್ಚಗೆ ಮಲಗಿತ್ತು. ಓಣಿಯ ಎಲ್ಲರೂ ಬಂದು ಇಣುಕಿ ಹೋಗುತ್ತಿದ್ದರು. ಈ ಸಲವೂ ಎಲ್ಲರಿಗೆ ತಿಳಿದ ಮೇಲೆ ಕೊನೆಗೆ ಅವರಿಗೆ. ಹಾಗಾಗಬಾರದು ಎಂದೇ ಅಲ್ಲವೇ ಮನುಷ್ಯ ಇಷ್ಟು ದಿನ ಎಂಜಿನ್ನಿನಿಂದ ಕತ್ತು ಚಾಚಿದ್ದು? ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. ಅವ್ವ ಅದನ್ನು ನೋಡಿದಳು. ಪೆಟ್ಟಿಗೆ ತೆರೆದು ಕುಬಸದ ಸೀರೆ ತೆಗೆದಳು.

ಮಧ್ಯಾಹ್ನ ಗೂಡ್ಸ್ ಸೇಡಂ ಕಡೆಯಿಂದ ಮರಳುವ ಸದ್ದು ಕೇಳಿದಾಗ ನನ್ನ ತಲೆಯ ಮೇಲೆ ಫರಸಿಕಲ್ಲಿನ ಛಾವಣಿ ದಡದಡ ಎಂದಿತು. ಅವ್ವ ಮಾಳಿಗೆಯ ಮೇಲೆ ಓಡಾಡುತ್ತಿದ್ದಳು. ಕಿಟಕಿಯ ಹೊರಗೆ ಹಸಿರೊಂದು ಹಾವಿನಂತೆ ಮೇಲೆದ್ದಿತು, ಬಿತ್ತು, ಮತ್ತೆ ಎದ್ದಿತು.

"ಬೀಸಬ್ಯಾಡವ್ವಾ!" ಎಂದು ನಾನು ಕೂಗಿದೆ. "ಗಾಡಿ ನಿಂತೀತು!"

"ನಿಲ್ಲಲಿ!" ಎಂದಳು ಅವ್ವ ಮೇಲಿನಿಂದ.

ಬ್ರೇಕು ಕಿರುಚಿತು. ಡಬ್ಬಿಗೆ ಡಬ್ಬಿ ಬಡಿದ ಸದ್ದು ಸಾಲಾಗಿ ಹಿಂದಕ್ಕೆ ಓಡಿತು. ಎಂಜಿನ್ನು ನಮ್ಮ ಹಿತ್ತಲಿಗೆ ನೇರವಾಗಿ ಬಂದು, ಉಸ್ಸೆಂದು ಉಗಿ ಬಿಟ್ಟು ನಿಂತಿತು. ದಸ್ತಗೀರ ಚಾಚಾನ ದನಿ ಕೇಳಿಸಿತು. "ಅಂಬಾರಾಯ, ಇಳಿ! ಏನು ಅಪಾಯ ಅದ, ನೋಡಿ ಬಾ!"

ಅವರು ಬೇಲಿ ಹಾರಿದ್ದು, ಬಕೆಟ್ಟಿಗೆ ಕಾಲು ತಾಗಿದ್ದು, ಎಲ್ಲ ಸದ್ದಿನಲ್ಲೇ ತಿಳಿಯಿತು. ಹೊಸ್ತಿಲಿಗೆ ಬಂದು ನಿಂತರು. ಮುಖ ಪೂರ್ತಿ ಕಪ್ಪು, ಕಣ್ಣು ಮಾತ್ರ ಬೆಳ್ಳಗೆ. ಬೀಸಿದರೆ ಅಪಾಯ ಎಂದು ಕಲಿತ ಮನುಷ್ಯ, ಅಪಾಯವೆಂದೇ ಓಡಿ ಬಂದಿದ್ದರು.

"ಏನಾಗ್ಯದ್ರಿ?" ಎಂದರು.

ಮಾಸುಮಬಿ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಹೋದಳು. "ಇದೇ ನೋಡು ಬೇಟಾ ಅಪಾಯ. ಹೆಣ್ಣು."

"ಆಕಿ?"

"ಆಕೀನೂ ಆರಾಮ. ಇಬ್ಬರೂ ಆರಾಮ."

ಅವರು ಕೂಸಿನ ಕಡೆ ಕೈ ಚಾಚಿದರು, ಮಸಿ ನೋಡಿ ಹಿಂದೆಗೆದರು. ಒಳಗಿನ ಕತ್ತಲಿಗೆ ಕಣ್ಣು ಹಾಯಿಸಿದರು. ನಾನು ಕಾಣಲಿಲ್ಲವೋ ಏನೋ. "ನೀ ಒಂದು ಮಾತಾಡು," ಎಂದರು. "ಏನರ ಮಾತಾಡು."

ಎಷ್ಟೋ ಮಾತು ಹೆಕ್ಕಿ ಜೋಡಿಸಿ ಇಟ್ಟುಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

"ಗಾಡಿ ನಿಲ್ಲಿಸಿ ಬಂದೀರಲ್ರಿ," ಎಂದೆ. "ಹೋಗ್ರಿ. ಲೈನ್ ಕ್ಲಿಯರ್ ಅದ."

ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ, ಮಸಿಯ ಮೇಲೆ ಎರಡು ಬಿಳಿಯ ಗೆರೆ ಮಾತ್ರ ಇಳಿದವು. ಅಷ್ಟರಲ್ಲಿ ಗಾಡಿಯ ಕೊನೆಯ ಡಬ್ಬಿಯಿಂದ ಗಾರ್ಡ್ ಏದುಸಿರು ಬಿಡುತ್ತಾ ಓಡಿ ಬಂದು, "ಯಾಕ ನಿಂತದ ಗಾಡಿ? ಏನಾಗ್ಯದ?" ಎಂದು ಕೂಗಿದರು. ಚಾಚಾ ಎಂಜಿನ್ನಿನಿಂದಲೇ, "ಹೆಣ್ಣಾಗ್ಯದ!" ಎಂದು ಉತ್ತರಿಸಿದರು.

ಇವರು ಎದ್ದು ಓಡಿದರು. ಮತ್ತೆ ಬಕೆಟ್ಟಿಗೆ ಕಾಲು ತಾಗಿತು. ಮರುಗಳಿಗೆ ಸೀಟಿ ಶುರುವಾಯಿತು, ಆ ಬುಧವಾರದ್ದೇ ಹುಚ್ಚು ಸೀಟಿ. ಕೂಸು ಬೆಚ್ಚಿ ಎದ್ದು ಮನೆ ಹಾರುವಂತೆ ಅತ್ತಿತು.

"ಅಪ್ಪಗ ಜವಾಬ ಕೊಡ್ಲಿಕತ್ತದ," ಎಂದಳು ಮಾಸುಮಬಿ.

ಗಾಡಿ ವಾಡಿಯ ಕಡೆ ದೂರವಾದ ಮೇಲೆ, ಮಾಳಿಗೆಯಿಂದ ಅವ್ವನ ದನಿ ಇಳಿದು ಬಂತು.

"ಯವ್ವಾ, ಈಗರ ಈ ಸೀರಿ ಒಣಗ ಹಾಕ್ಲೇನು?"