ನವೆಂಬರ್ ಎರಡರ ಬಿಸಿಲು

ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಸ್ವೀಡನ್ನಿನ ನಾರ್‌ಶೋಪಿಂಗ್‌ನ ಜನರೆಲ್ಲ ಬರಲಿರುವ ಚಳಿಯ ಮಾತಾಡುತ್ತಿದ್ದರೆ, ಮೂರನೇ ಮಹಡಿಯ ಮಗಳ ಮನೆಯಲ್ಲಿ ಕಿಟಕಿಯ ಬಳಿ ಕುಳಿತ ಫಿಲೋಮಿನಾ ಮಾತ್ರ ಒಮಾನಿನ ಬಿಸಿಲಿನ ಬಗ್ಗೆ ಯೋಚಿಸುತ್ತಿದ್ದರು.

ಹದಿನೇಳು ವರ್ಷಗಳ ಹಿಂದೆ, ಒಮಾನಿನ ಮರುಭೂಮಿಯ ತೈಲ ಕ್ಯಾಂಪೊಂದರಲ್ಲಿ ಮೆಕ್ಯಾನಿಕ್ ಆಗಿದ್ದ ಅವರ ಗಂಡ ಇಗ್ನೇಷಿಯಸ್ ಎದೆನೋವಿನಿಂದ ತೀರಿಕೊಂಡಿದ್ದರು. ದೇಹವನ್ನು ಊರಿಗೆ ಕಳಿಸುವ ಕಾಗದಪತ್ರ ಮುಗಿಯಲೇ ಇಲ್ಲ. ಅಲ್ಲೇ ಮಣ್ಣು ಮಾಡಿದರು. ಕ್ಯಾಂಪಿನಿಂದ ಮೂರು ಗಂಟೆಯ ಜೀಪು ದಾರಿ, ಸುತ್ತ ಒಂದು ಗಿಡದ ನೆರಳೂ ಇಲ್ಲದ ಜಾಗ. ಫಿಲೋಮಿನಾ ಒಂದೇ ಒಂದು ಸಲ ನೋಡಿದ್ದರು. ಪ್ರತಿ ವರ್ಷ ನವೆಂಬರ್ ಎರಡು ಕ್ರೈಸ್ತರಿಗೆ ಸತ್ತವರ ಸ್ಮರಣೆಯ ದಿನ. ಅಂದು ಮಂಗಳೂರಿನಲ್ಲಿ ಎಲ್ಲರೂ ತಮ್ಮವರ ಸಮಾಧಿ ತೊಳೆದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚುತ್ತಿದ್ದರೆ ಇವರು ಅತ್ತೆ ಮಾವನ ಸಮಾಧಿಗೆ ಹಚ್ಚಿ ಸುಮ್ಮನೆ ಮನೆಗೆ ಬರುತ್ತಿದ್ದರು. ಗಂಡನ ತಲೆಯ ಬಳಿ ಆ ದಿನ ಒಮ್ಮೆಯೂ ಬತ್ತಿ ಹಚ್ಚಲು ಆಗಿರಲಿಲ್ಲ. ಈ ಸಲವಾದರೂ ಅಲ್ಲಿಗೆ ಹೋಗಿ ಹಚ್ಚಬೇಕೆಂಬುದು ಅವರ ಆಸೆ.

ಈಗ ಎಪ್ಪತ್ತೊಂದು ವರ್ಷ. ಹೃದಯ ಸೋತಿತ್ತು. ಇಲ್ಲಿನ ಡಾಕ್ಟರಮ್ಮ ಮೇಜಿನ ಆಚೆಯಿಂದ ಎದ್ದು ಬಂದು, ಪಕ್ಕದ ಕುರ್ಚಿಯಲ್ಲಿ ಕುಳಿತು ಹೇಳಿದ್ದರು: ಈ ವರ್ಷ ಒಮಾನಿಗೆ ಹೋಗಬಹುದು, ಆದರೆ ಮೂವತ್ತೆರಡು ಡಿಗ್ರಿಗಿಂತ ಮೇಲಿನ ಬಿಸಿಲು ಬೇಡ. ಮುಂದಿನ ವರ್ಷದ ಮಾತನ್ನು ಅವರು ಎತ್ತಲಿಲ್ಲ. ಎತ್ತದೆ ಇದ್ದುದರಲ್ಲೇ ಫಿಲೋಮಿನಾಗೆ ಉತ್ತರ ಸಿಕ್ಕಿತ್ತು.

ಇಗ್ನೇಷಿಯಸರ ಜೊತೆ ಕೆಲಸಕ್ಕಿದ್ದ ಉಡುಪಿಯ ನಂದಕುಮಾರ ಇನ್ನೂ ಆ ಕ್ಯಾಂಪಿನಲ್ಲೇ ಇದ್ದ. ವೀಸಾದ ಪತ್ರ, ಜೀಪು ಎಲ್ಲವೂ ತನ್ನ ಜವಾಬ್ದಾರಿ ಎಂದಿದ್ದ. ಮಗಳು ವಿನೀತಾ ಕೊನೆಗೆ ಒಂದು ಮಾತಿಗೆ ಒಪ್ಪಿದ್ದಳು. "ಗಂಗಾಧರ ತಂಪು ಅಂದ್ರೆ ಹೋಗೋಣ ಮಮ್ಮಿ. ಬಿಸಿ ಅಂದ್ರೆ ಇಲ್ಲ."

ವಿನೀತಾಳ ಸ್ನೇಹಿತ, ಕುಂದಾಪುರದ ಕಡೆಯ ಗಂಗಾಧರ ಇದೇ ಊರಿನ ಹವಾಮಾನ ಕಚೇರಿಯಲ್ಲಿದ್ದ. ಮರುಭೂಮಿ ಪ್ರದೇಶಗಳಿಗೆ ಮುಂದಿನ ಮೂರು ತಿಂಗಳ ಮುನ್ನೋಟ ತಯಾರಿಸುವುದೇ ಅವನ ಕೆಲಸ.

ಆ ಶನಿವಾರ ಅವನು ಫೀಕಾಕ್ಕೆ, ಎಂದರೆ ಇಲ್ಲಿನವರ ಕಾಫಿ ತಿಂಡಿಯ ಹೊತ್ತಿಗೆ, ಬಂದ. ದಾಲ್ಚಿನ್ನಿ ಬನ್ನಿನ ಪೊಟ್ಟಣ ತಣ್ಣಗಾಗಬಾರದೆಂದು ಜಾಕೆಟ್ಟಿನ ಒಳಗೆ ಅವುಚಿಕೊಂಡು ತಂದಿದ್ದ. ಅಡಿಗೆಮನೆಯಲ್ಲಿ ವಿನೀತಾ ಅವನೊಡನೆ ಸಣ್ಣ ದನಿಯಲ್ಲಿ ಏನೋ ಮಾತಾಡಿದಳು. ಆಮೇಲೆ ಇಬ್ಬರೂ ಕಾಫಿ ಹಿಡಿದು ಹೊರಬಂದರು.

"ಹೇಗಿದ್ದೀರಿ ಟೀಚರ್?"

"ನಾನು ಇದ್ದಲ್ಲೇ ಇದ್ದೇನೆ. ನಿನ್ನ ಮರುಭೂಮಿ ಹೇಗಿದೆ, ಅದು ಹೇಳು."

"ಮಮ್ಮಿ, ಒಂದು ಗುಟುಕು ಕಾಫಿ ಆದ್ರೂ ಕುಡೀಲಿ ಅವ್ನು."

ಗಂಗಾಧರ ಜೇಬಿನಿಂದ ಕಾಗದ ತೆಗೆದ. "ಈ ಸಲ ಬಿಸಿ ಜಾಸ್ತಿ ಕಾಣ್ತದೆ ಟೀಚರ್. ನಾರ್ಮಲ್‌ಗಿಂತ ಮೇಲೆ ಹೋಗೋ ಚಾನ್ಸ್ ಅರವತ್ತು ಪರ್ಸೆಂಟ್." ಹೇಳುವಾಗ ಅವನ ಕಣ್ಣು ಬನ್ನಿನ ಮೇಲಿತ್ತು. ವಿನೀತಾ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಳು.

ಮೂವತ್ತು ವರ್ಷ ಕಾಲೇಜಿನಲ್ಲಿ ಭೂಗೋಳ ಕಲಿಸಿ, ಪರೀಕ್ಷೆಯ ಕೋಣೆಗಳಲ್ಲಿ ಓಡಾಡಿದವರು ಫಿಲೋಮಿನಾ. ಅವನ ಮುಂದೆ ಕೈ ಚಾಚಿದರು. ಗಂಗಾಧರನಿಗೆ ನಲವತ್ತು ದಾಟಿದ್ದರೂ ಆ ಕೈಯ ಮುಂದೆ ನಿಲ್ಲಲಾಗಲಿಲ್ಲ. ಕಾಗದ ಕೊಟ್ಟುಬಿಟ್ಟ.

ಒಮಾನಿನ ನಕ್ಷೆಯ ಪಕ್ಕ ಮೂರು ಚೌಕಗಳಿದ್ದವು: ವಾಡಿಕೆಗಿಂತ ತಂಪು, ವಾಡಿಕೆಯಂತೆ, ವಾಡಿಕೆಗಿಂತ ಬಿಸಿ.

"ಮೂವತ್ಮೂರು, ಮೂವತ್ಮೂರು, ಮೂವತ್ಮೂರು ಪರ್ಸೆಂಟ್. ನಿನ್ನ ಅರವತ್ತು ಎಲ್ಲಿ ಮಾರಾಯ?"

ಗಂಗಾಧರನ ಕಿವಿ ಕೆಂಪಾಯಿತು. "ತಪ್ಪಾಯ್ತು ಟೀಚರ್. ನಮ್ಮಲ್ಲೊಂದು ಪದ್ಧತಿ. ಯಾವ ಕಡೆಗೂ ಸುಳಿವು ಸಿಗದಿದ್ರೆ ಮೂರಕ್ಕೂ ಸಮ ಹಂಚ್ತೇವೆ. ಬಿಸಿನೂ ಆಗ್ಬಹುದು, ತಂಪೂ ಆಗ್ಬಹುದು. ಅಂದ್ರೆ ನಮ್ಗೆ ಗೊತ್ತಿಲ್ಲ ಅಂತ."

"ಗೊತ್ತಿಲ್ಲ ಅನ್ಲಿಕ್ಕೆ ಮೂರು ಚೌಕ ಬೇಕಾ? ನನ್ನ ಸ್ಟೂಡೆಂಟ್ಸ್ ಖಾಲಿ ಪೇಪರ್ ಕೊಟ್ಟು ಹೋಗ್ತಿದ್ರು."

ಅವನು ನಕ್ಕ. ವಿನೀತಾ ನಗಲಿಲ್ಲ.

"ಅವ್ನಿಗೆ ಬೈಬೇಡಿ ಮಮ್ಮಿ. ಹಾಗೆ ಹೇಳು ಅಂದಿದ್ದು ನಾನು."

"ಗೊತ್ತಾಯ್ತು. ಆದ್ರೆ ಬಿಸಿ ಅಂತ ಇದ್ರಲ್ಲಿ ಇಲ್ವಲ್ಲ ಮಗಾ. ಹೋಗ್ಬಹುದಲ್ಲ?"

"ತಂಪು ಅಂತಾನೂ ಇಲ್ಲ!" ವಿನೀತಾಳ ದನಿ ಒಡೆಯಿತು. "ಅಲ್ಲಿ ನಿಮ್ಗೇನಾದ್ರೂ ಆದ್ರೆ? ಡ್ಯಾಡಿನ ಕಳಿಸ್ಲಿಲ್ಲ. ನಿಮ್ಮನ್ನ ಕಳಿಸ್ತಾರಾ? ಇಬ್ಬರನ್ನೂ ಆ ಮರಳಲ್ಲಿ ಬಿಟ್ಟು ನಾನೊಬ್ಳೇ ವಾಪಸ್ ಬರ್ಬೇಕಾ?"

ಫಿಲೋಮಿನಾ ಮಗಳ ಮುಖ ನೋಡಿದರು. ಹದಿನಾಲ್ಕು ವರ್ಷದ ಹುಡುಗಿ ಕಂಡಳು. ಆಗ ಅವಳು ಪ್ರತಿ ಸಂಜೆ ಶಾಲೆಯ ಯೂನಿಫಾರ್ಮಿನಲ್ಲೇ ಗೇಟಿನ ಬಳಿ ನಿಂತು, ಡ್ಯಾಡಿಯ ಪೆಟ್ಟಿಗೆ ಇವತ್ತು ಬರುತ್ತದಾ ಎಂದು ಕೇಳುತ್ತಿದ್ದಳು. ಎಂಟು ದಿನ ಕೇಳಿದಳು. ಒಂಬತ್ತನೆಯ ದಿನ ಕೇಳಲಿಲ್ಲ. ಆ ಮೇಲೆ ಅವಳು ಏನನ್ನೂ ಕೇಳಿದವಳೇ ಅಲ್ಲ. ಈಗ, ಇಷ್ಟು ವರ್ಷಗಳ ಮೇಲೆ, ಒಂದು ಕೇಳುತ್ತಿದ್ದಾಳೆ.

ಕಾಗದವನ್ನು ಮಡಚಿ ಗಂಗಾಧರನ ಕೈಗೆ ಕೊಟ್ಟು, ಮಗಳ ಕಡೆ ತಿರುಗಿದರು. "ನಂದಕುಮಾರನಿಗೆ ಫೋನ್ ಮಾಡು ಮಗಾ. ಬರುವುದಿಲ್ಲ ಅನ್ನು. ಆ ದಿನ ಒಂದು ಬತ್ತಿ ಅವನೇ ಹಚ್ಚಲಿ."

ಯಾರೂ ಬನ್ನು ಮುಟ್ಟಲಿಲ್ಲ. ಹೊರಡುವಾಗ ಗಂಗಾಧರ ಲೋಟಗಳನ್ನೆಲ್ಲ ತೊಳೆದಿಟ್ಟು ಹೋದ.

ಆ ವರ್ಷ ಸ್ವೀಡನ್ನಿನವರು ಸಮಾಧಿಗಳಿಗೆ ದೀಪ ಇಡುವ ಶನಿವಾರವೂ ನವೆಂಬರ್ ಎರಡಕ್ಕೇ ಬಂದಿತ್ತು. ಊರಿನ ಸ್ಮಶಾನದ ಒಂದು ಮೂಲೆಯಲ್ಲಿ ಮರಗಳ ನಡುವೆ ಖಾಲಿ ಜಾಗವಿದೆ. ತಮ್ಮವರ ಸಮಾಧಿ ದೂರದಲ್ಲಿರುವವರು ಅಲ್ಲಿ ದೀಪ ಹಚ್ಚುತ್ತಾರೆ. ವಿನೀತಾ ತಾಯಿಯನ್ನು ಅಲ್ಲಿಗೆ ಕರೆತಂದಳು. ನಾಲ್ಕು ಗಂಟೆಗೇ ಕತ್ತಲು ಕವಿಯುತ್ತಿತ್ತು. ಗಾಳಿಗೆ ಕಡ್ಡಿ ಎರಡು ಸಲ ಆರಿತು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೊಬ್ಬರು ತಮ್ಮ ಕೋಟಿನ ಅಂಚನ್ನು ಅಗಲಿಸಿ ಗಾಳಿಗೆ ಅಡ್ಡ ಹಿಡಿದರು. ಬತ್ತಿ ಹತ್ತಿಕೊಂಡಿತು.

ಅಷ್ಟರಲ್ಲಿ ವಿನೀತಾಳ ಮೊಬೈಲ್ ರಿಂಗಾಯಿತು. "ನಂದಕುಮಾರ್ ಅಂಕಲ್," ಎಂದು ತಾಯಿಯ ಕೈಗೆ ಕೊಟ್ಟು, ಇನ್ನೊಂದು ಶಾಲು ತರಲು ಅವಳು ಕಾರಿನ ಕಡೆ ಹೋದಳು.

"ಹಚ್ಚಿ ಬಂದೆ ಅಕ್ಕ. ಸಮಾಧಿ ತೊಳೆದೆ. ಹೆಸರು ಮಾಸಿತ್ತು, ಬಣ್ಣ ಕೊಟ್ಟೆ. ಒಂದು ಗಂಟೆ ಕೂತಿದ್ದೆ."

"ಬಿಸಿಲಲ್ಲಿ ಯಾಕೆ ಮಾರಾಯ ಅಷ್ಟು ಹೊತ್ತು?"

"ಬಿಸಿಲಿರ್ಲಿಲ್ಲ ಅಕ್ಕ. ಬೆಳಿಗ್ಗೆಯಿಂದ ಮೋಡ. ಇಪ್ಪತ್ತೇಳು ಡಿಗ್ರಿ, ತಣ್ಣಗೆ ಗಾಳಿ. ಈ ಕಾಲದಲ್ಲಿ ಇಂಥ ದಿನ ನಾನು ನೋಡೇ ಇಲ್ಲ." ಕೊನೆಗೆ ಹೇಳಿದ, "ನೀವು ಬರ್ಬಹುದಿತ್ತು."

"ಅವರಿಗೆ ತಂಪಾಯ್ತಲ್ಲ," ಎಂದರು ಫಿಲೋಮಿನಾ. "ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ."

ವಿನೀತಾ ಬಂದು ತಾಯಿಯ ಹೆಗಲಿಗೆ ಶಾಲು ಹೊದಿಸಿದಳು. ಕೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತಳು.

"ಎಷ್ಟಿತ್ತಂತೆ ಮಮ್ಮಿ, ಅಲ್ಲಿ?"

"ಮೂವತ್ತೇಳು," ಎಂದರು ಫಿಲೋಮಿನಾ. "ಜೀಪಿನ ಹೊರಗೆ ನಿಲ್ಲಲಿಕ್ಕೇ ಆಗ್ಲಿಲ್ಲಂತೆ ಪಾಪ. ಬತ್ತಿ ಹಚ್ಚಿ ಓಡಿ ಬಂದನಂತೆ."

ಐದು ವಾರಗಳಿಂದ ಹಿಡಿದಿಟ್ಟ ಉಸಿರು ವಿನೀತಾಳ ಬಾಯಿಂದ ಹೊಗೆಯಂತೆ ಹೊರಬಂತು. "ಸದ್ಯ," ಎಂದಳು. "ಹೋಗದೇ ಇದ್ದಿದ್ದು ಒಳ್ಳೇದಾಯ್ತು ಅಲ್ವಾ?"

"ಹೌದು ಮಗಾ, ಒಳ್ಳೇದಾಯ್ತು."

ಒದ್ದೆ ಎಲೆಗಳ ದಾರಿಯಲ್ಲಿ ಕಾರಿನವರೆಗೂ ಫಿಲೋಮಿನಾ ಮಗಳ ತೋಳಿನ ಮೇಲೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಭಾರ ಹಾಕಿ ನಡೆದರು.